ಕಿಡ್ನಿ ಕೊಟ್ಟವರು, ಕಿಡ್ನಿ ಪಡೆದವರು

ಎಡಿತ್ ಮತ್ತು ವಾಂಡಾ ಅವಳಿ ಸೋದರಿಯರು. ಒಂದೇ ಮುಖ, ಒಂದೇ ರೂಪ. ಅವರು ಅಮೆರಿಕ ದೇಶದವರು. 1956ರಲ್ಲಿ ಅವರಿಗೆ 21 ವರ್ಷ. ಆಗ ಎಡಿತ್ ಅವರ ಎರಡೂ ಕಿಡ್ನಿಗಳು ಕೆಟ್ಟುಹೋದವು. ಆ ಕಾಲದಲ್ಲಿ ಕಿಡ್ನಿ ಕೆಟ್ಟರೆ ಸಾವೇ ಗತಿ. ಮದ್ದು ಇರಲಿಲ್ಲ.

ಬಾಸ್ಟನ್ ಎಂಬ ಪಟ್ಟಣದಲ್ಲಿ ಒಂದು ಆಸ್ಪತ್ರೆ ಇತ್ತು. ಅದರ ಹೆಸರು ಪೀಟರ್ ಬೆಂಟ್ ಬ್ರಿಗಮ್ ಆಸ್ಪತ್ರೆ. ಅಲ್ಲಿನ ಡಾಕ್ಟರುಗಳು ವಾಂಡಾ ಅವರ ಒಂದು ಕಿಡ್ನಿಯನ್ನು ತೆಗೆದರು. ಅದನ್ನು ಎಡಿತ್ ಅವರ ಹೊಟ್ಟೆಯಲ್ಲಿ ಕೂರಿಸಿದರು. ಕಿಡ್ನಿ ಕೆಲಸ ಮಾಡಿತು. ಎಡಿತ್ ಎದ್ದು ಓಡಾಡಿದರು.

ಎರಡು ವರ್ಷ ಕಳೆಯಿತು. 1958ರಲ್ಲಿ ಎಡಿತ್ ಒಂದು ಮಗುವನ್ನು ಹೆತ್ತರು. ಬೇರೆಯವರ ಕಿಡ್ನಿ ಪಡೆದು ತಾಯಿಯಾದವರಲ್ಲಿ ಜಗತ್ತಿಗೆಲ್ಲ ಅವರೇ ಮೊದಲಿಗರು. ಅವರು ತೀರಿಕೊಂಡದ್ದು 2011ರಲ್ಲಿ. ಒಡಹುಟ್ಟಿದವಳು ಕೊಟ್ಟ ಕಿಡ್ನಿಯ ಜೊತೆ ಸುಮಾರು 55 ವರ್ಷ ಬಾಳಿದರು!

ಇದು ಹೇಗೆ ಆಯಿತು? ನಮ್ಮ ಕಡೆ ಇದು ಆಗುತ್ತಾ? ಕಿಡ್ನಿ ಕೊಟ್ಟವರ ಗತಿ ಏನು? ಪಡೆದವರ ಗತಿ ಏನು? ಬನ್ನಿ ಅಕ್ಕಂದಿರೇ, ಒಂದೊಂದಾಗಿ ನೋಡೋಣ.

ಕಿಡ್ನಿ ಮಾಡುವ ಕೆಲಸ

ಕಿಡ್ನಿಗೆ ಮೂತ್ರಪಿಂಡ ಅಂತಲೂ ಹೆಸರಿದೆ. ನಮ್ಮ ಬೆನ್ನಿನ ಒಳಗಡೆ, ಪಕ್ಕೆಲುಬಿನ ಕೆಳಗೆ, ಆ ಕಡೆ ಒಂದು ಈ ಕಡೆ ಒಂದು ಇವೆ. ನಿಮ್ಮ ಕೈ ಮುಷ್ಟಿ ಕಟ್ಟಿ ನೋಡಿ. ಒಂದು ಕಿಡ್ನಿ ಅಷ್ಟೇ ಇರುತ್ತದೆ. ಆಕಾರ ಹುರುಳಿಕಾಯಿ ಬೀಜದ ಹಾಗೆ.

ಅಕ್ಕಿಯನ್ನು ಜರಡಿ ಹಿಡಿಯುತ್ತೇವೆ. ಟೀ ಸೋಸುತ್ತೇವೆ. ಹಾಗೆಯೇ ಕಿಡ್ನಿ ರಕ್ತವನ್ನು ಸೋಸುತ್ತದೆ. ದಿನಕ್ಕೆ ಸುಮಾರು 180 ಲೀಟರ್ ಸೋಸುತ್ತದೆ. ಅಂದರೆ ಹತ್ತು ಹನ್ನೆರಡು ಕೊಡ! ಬೇಕಾದದ್ದನ್ನು ರಕ್ತಕ್ಕೆ ವಾಪಸು ಕೊಡುತ್ತದೆ. ಬೇಡದ ಕೊಳೆಯನ್ನು ಮೂತ್ರದಲ್ಲಿ ಹೊರಗೆ ಹಾಕುತ್ತದೆ.

ಸಕ್ಕರೆ ಕಾಯಿಲೆ ಮತ್ತು ಬಿ.ಪಿ. ಈ ಎರಡೂ ಕಿಡ್ನಿಯ ದೊಡ್ಡ ಶತ್ರುಗಳು. ಡಾಕ್ಟರನ್ನು ಕೇಳದೆ ಅಂಗಡಿಯಿಂದ ತಂದು ದಿನವೂ ನುಂಗುವ ನೋವಿನ ಮಾತ್ರೆಯೂ ಶತ್ರುವೇ. ಮೊದಮೊದಲು ಏನೂ ಗೊತ್ತಾಗುವುದಿಲ್ಲ. ಆಮೇಲೆ ಮುಖ ಊದುತ್ತದೆ, ಕಾಲು ಊದುತ್ತದೆ. ಊಟ ಸೇರುವುದಿಲ್ಲ. ವಾಂತಿ ಬರುತ್ತದೆ. ಹೆಂಗಸರು ಇದನ್ನೆಲ್ಲ "ಸುಸ್ತು" ಅಂದುಕೊಂಡು ಒಲೆ ಮುಂದೆ ಕೂತೇ ಇರುತ್ತಾರೆ. ಆಸ್ಪತ್ರೆಗೆ ಹೋಗುವ ಹೊತ್ತಿಗೆ ತಡವಾಗಿರುತ್ತದೆ.

ಎರಡೂ ಕಿಡ್ನಿ ಪೂರ್ತಿ ಕೆಟ್ಟರೆ ಇರುವುದು ಎರಡೇ ದಾರಿ. ಒಂದು ಡಯಾಲಿಸಿಸ್. ರಕ್ತವನ್ನು ಯಂತ್ರದಲ್ಲಿ ಹರಿಸಿ ಸೋಸುತ್ತಾರೆ. ವಾರಕ್ಕೆ ಎರಡು ಮೂರು ಸಲ, ಪ್ರತಿ ಸಲ ನಾಲ್ಕು ಗಂಟೆ ಮಲಗಿರಬೇಕು. ನಮ್ಮ ರಾಜ್ಯದ ಬಹಳಷ್ಟು ತಾಲ್ಲೂಕು ಆಸ್ಪತ್ರೆಗಳಲ್ಲಿ ಈಗ ಇದು ಇದೆ. ಇನ್ನೊಂದು ದಾರಿ ಕಿಡ್ನಿ ಕಸಿ.

ಮಾವಿನ ಗಿಡಕ್ಕೆ ಕಸಿ ಕಟ್ಟುವುದನ್ನು ನೀವು ನೋಡಿದ್ದೀರಿ. ಒಂದು ಗಿಡದ ಕೊಂಬೆ ಇನ್ನೊಂದಕ್ಕೆ ಹತ್ತಿಕೊಂಡು ಚಿಗುರುತ್ತದೆ. ಇದೂ ಹಾಗೆಯೇ. ಕೆಟ್ಟ ಕಿಡ್ನಿಗಳನ್ನು ಸಾಮಾನ್ಯವಾಗಿ ತೆಗೆಯುವುದಿಲ್ಲ. ಹೊಸದನ್ನು ಕಿಬ್ಬೊಟ್ಟೆಯಲ್ಲಿ ಕೂರಿಸುತ್ತಾರೆ. ಹಾಗಾಗಿ ಕಸಿ ಆದವರ ಹೊಟ್ಟೆಯಲ್ಲಿ ಮೂರು ಕಿಡ್ನಿ ಇರುತ್ತವೆ!

ಮನೆಯ ಕಾವಲು ನಾಯಿ

ಬಾಸ್ಟನ್ನಿನ ಆ ಆಸ್ಪತ್ರೆಯಲ್ಲಿ ಎಡಿತ್‌ಗಿಂತ ಮೊದಲೇ ಒಂದು ಕಸಿ ಗೆದ್ದಿತ್ತು. ಅದು 1954ರ ಡಿಸೆಂಬರ್ 23. ಅವರೂ ಅವಳಿಗಳೇ. ರಿಚರ್ಡ್ ಮತ್ತು ರೊನಾಲ್ಡ್ ಎಂಬ ಅಣ್ಣತಮ್ಮಂದಿರು. ರಿಚರ್ಡ್‌ಗೆ ಕಾಯಿಲೆ. ರೊನಾಲ್ಡ್ ಕಿಡ್ನಿ ಕೊಟ್ಟವರು. ಆಪರೇಷನ್ ಮಾಡಿದವರು ಡಾಕ್ಟರ್ ಜೋಸೆಫ್ ಮುರ್ರೆ. ಹಿಂದಿನ ರಾತ್ರಿ ರಿಚರ್ಡ್ ಒಂದು ಚೀಟಿ ಬರೆದು ಕಳಿಸಿದರು. ನೀನು ಎದ್ದು ಮನೆಗೆ ಹೋಗು ಅಂತ ಅದರಲ್ಲಿತ್ತು. ರೊನಾಲ್ಡ್ ಹೋಗಲಿಲ್ಲ. ನಾನು ಇಲ್ಲೇ ಇರ್ತೀನಿ ಅಂತ ಉತ್ತರ ಬರೆದರು. ರಿಚರ್ಡ್ ಇನ್ನೂ ಎಂಟು ವರ್ಷ ಬದುಕಿದರು. ಕೊಟ್ಟ ರೊನಾಲ್ಡ್ ಮೇಷ್ಟ್ರಾದರು. ಒಂದೇ ಕಿಡ್ನಿಯಲ್ಲಿ 56 ವರ್ಷ ಬಾಳಿ, 2010ರಲ್ಲಿ 79ನೇ ವಯಸ್ಸಿನಲ್ಲಿ ತೀರಿಕೊಂಡರು.

ಎರಡು ಸಲವೂ ಅವಳಿಗಳೇ ಯಾಕೆ? ಅದಕ್ಕೆ ಕಾರಣ ಇದೆ.

ನಮ್ಮ ಮೈಯಲ್ಲಿ ಒಂದು ಕಾವಲು ಇದೆ. ಮನೆಯ ನಾಯಿ ಇದ್ದ ಹಾಗೆ. ಮನೆಯವರನ್ನು ಕಂಡರೆ ಬಾಲ ಆಡಿಸುತ್ತದೆ. ಹೊರಗಿನವರು ಬಂದರೆ ಮೇಲೆ ಬೀಳುತ್ತದೆ. ರೋಗದ ಕ್ರಿಮಿಗಳನ್ನು ಹೀಗೆ ಓಡಿಸುವುದು ಈ ಕಾವಲೇ. ಆದರೆ ಅದಕ್ಕೆ ಕ್ರಿಮಿ ಯಾವುದು, ಒಳ್ಳೆಯದಕ್ಕೆ ಬಂದ ಕಿಡ್ನಿ ಯಾವುದು ಗೊತ್ತಾಗುವುದಿಲ್ಲ. ಬೇರೆಯವರ ಕಿಡ್ನಿಯನ್ನೂ ಕಚ್ಚಿ ಹಾಳು ಮಾಡುತ್ತದೆ. ತದ್ರೂಪಿ ಅವಳಿಗಳ ವಾಸನೆ ಮಾತ್ರ ಒಂದೇ. ಅಲ್ಲಿ ನಾಯಿ ಬೊಗಳುವುದಿಲ್ಲ.

ಎಲ್ಲರಿಗೂ ಅವಳಿ ಇರ್ತಾರಾ? ಇರೋದಿಲ್ಲ. ಅದಕ್ಕೆ ಆ ಡಾಕ್ಟರುಗಳು ಬೇರೆ ದಾರಿ ಹುಡುಕಿದರು. ಮೈಗೆಲ್ಲ ಎಕ್ಸ್-ರೇ ಕಿರಣ ಬಿಟ್ಟು ಕಾವಲನ್ನು ಸುಮ್ಮನಾಗಿಸಲು ನೋಡಿದರು. 12 ಮಂದಿಗೆ ಹಾಗೆ ಮಾಡಿದರು. ಬದುಕಿ ಉಳಿದವರು ಒಬ್ಬರೇ. ಇದನ್ನು ಮುಚ್ಚಿಡಬಾರದು. ಈಗ ನಾವು ಕಾಣುತ್ತಿರುವ ಗೆಲುವಿನ ಹಿಂದೆ ಈ ಸಾವುಗಳೂ ಇವೆ.

ಆಮೇಲೆ ಒಂದು ಮಾತ್ರೆ ಬಂತು. ಅಜಥಯೋಪ್ರಿನ್ ಅಂತ ಅದರ ಹೆಸರು. ಹೆಸರು ನೆನಪಿಡಬೇಕಾಗಿಲ್ಲ. ಅದನ್ನು ಕಂಡುಹಿಡಿದವರಲ್ಲಿ ಒಬ್ಬರು ಹೆಂಗಸು ಅನ್ನುವುದು ನೆನಪಿರಲಿ. ಅವರು ಗರ್ಟ್ರೂಡ್ ಎಲಿಯನ್. ಹೆಂಗಸು ಅನ್ನುವ ಒಂದೇ ಕಾರಣಕ್ಕೆ ಮೊದಲು ಅವರಿಗೆ ಪ್ರಯೋಗಾಲಯದಲ್ಲಿ ಕೆಲಸ ಕೊಡಲು ಹಿಂದೆಗೆದಿದ್ದರು. 1988ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು. ಡಾಕ್ಟರ್ ಮುರ್ರೆ ಅವರಿಗೆ ಬಂದದ್ದು 1990ರಲ್ಲಿ.

1962ರಲ್ಲಿ ಈ ಮಾತ್ರೆಯ ಬಲದಿಂದ, ಬಂಧುವಲ್ಲದ, ಸತ್ತವರೊಬ್ಬರ ಕಿಡ್ನಿಯನ್ನು ಅದೇ ಆಸ್ಪತ್ರೆಯಲ್ಲಿ ಕಸಿ ಮಾಡಿದರು. ಅದು ಒಂದು ವರ್ಷಕ್ಕೂ ಹೆಚ್ಚು ನಡೆಯಿತು. 1980ರ ದಶಕದಲ್ಲಿ ಇನ್ನೂ ಒಳ್ಳೆಯ ಔಷಧಿಗಳು ಬಂದವು. ಈಗ ತಾಯಿ, ಹೆಂಡತಿ, ಅಣ್ಣ, ಯಾರ ಕಿಡ್ನಿಯಾದರೂ ಹೊಂದುವ ಹಾಗೆ ಮಾಡಬಹುದು. ಹೆಂಗಸಿನ ಕಿಡ್ನಿ ಗಂಡಸಿಗೆ ಆಗುತ್ತಾ ಅಂತ ಕೆಲವರು ಕೇಳುತ್ತಾರೆ. ಆಗುತ್ತದೆ. ಗಂಡಸಿನದು ಹೆಂಗಸಿಗೂ ಆಗುತ್ತದೆ. ಈ ಎರಡನೆಯ ಮಾತನ್ನು ಯಾರೂ ಕೇಳುವುದಿಲ್ಲ, ಅದೇ ವಿಚಿತ್ರ.

ಕಸಿ ಆದ ಮೇಲೆ

ನಮ್ಮ ದೇಶದಲ್ಲಿ ಕಿಡ್ನಿ ಕಸಿ ಮೊದಲು ಗೆದ್ದದ್ದು ವೆಲ್ಲೂರಿನ ಸಿ.ಎಂ.ಸಿ. ಆಸ್ಪತ್ರೆಯಲ್ಲಿ, 1971ರಲ್ಲಿ. ಈಗ ನಮ್ಮ ರಾಜ್ಯದಲ್ಲೂ ಹಲವು ಆಸ್ಪತ್ರೆಗಳಲ್ಲಿ ಮಾಡುತ್ತಾರೆ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಸರ್ಕಾರದ ನೆಫ್ರೋ ಯೂರಾಲಜಿ ಸಂಸ್ಥೆ ಇದೆ. ಬಡವರು ಮೊದಲು ವಿಚಾರಿಸಬೇಕಾದ ಜಾಗ ಅದು. ಬಿ.ಪಿ.ಎಲ್. ಕಾರ್ಡು ಇದ್ದವರಿಗೆ ಕಸಿಗೆ ಸರ್ಕಾರದ ನೆರವೂ ಇದೆ. ಕಾರ್ಡು ಮನೆಯಲ್ಲಿ ಬಿಟ್ಟು ಹೋಗಬೇಡಿ.

ಒಳ್ಳೆಯ ಆಸ್ಪತ್ರೆಯಲ್ಲಿ ಕಸಿ ಮಾಡಿಸಿಕೊಂಡ ನೂರು ಮಂದಿಯಲ್ಲಿ ತೊಂಬತ್ತಕ್ಕೂ ಹೆಚ್ಚು ಮಂದಿಗೆ ಒಂದು ವರ್ಷದ ನಂತರವೂ ಹೊಸ ಕಿಡ್ನಿ ಚೆನ್ನಾಗಿ ಕೆಲಸ ಮಾಡುತ್ತಿರುತ್ತದೆ. ಬದುಕಿರುವವರು ಕೊಟ್ಟ ಕಿಡ್ನಿ ಸಾಮಾನ್ಯವಾಗಿ 15ರಿಂದ 20 ವರ್ಷ ಬರುತ್ತದೆ. ಕೆಲವರಿಗೆ ಇನ್ನೂ ಹೆಚ್ಚು, ಕೆಲವರಿಗೆ ಕಡಿಮೆ. ಸತ್ತವರಿಂದ ಪಡೆದದ್ದು ಸ್ವಲ್ಪ ಕಡಿಮೆ ಕಾಲ ಬರುತ್ತದೆ. ಎಡಿತ್ ಅವರ 55 ವರ್ಷ ಎಲ್ಲರಿಗೂ ಸಿಗುವಂಥದ್ದಲ್ಲ.

ಆದರೆ ಮಾತ್ರೆ ನಿಲ್ಲಿಸುವ ಹಾಗಿಲ್ಲ. ಕಿಡ್ನಿ ಇರುವವರೆಗೂ ದಿನವೂ, ಹೊತ್ತಿಗೆ ಸರಿಯಾಗಿ ನುಂಗಬೇಕು. "ಈಗ ಚೆನ್ನಾಗಿದ್ದೀನಲ್ಲ, ಇನ್ಯಾಕೆ ಮಾತ್ರೆ?" ಅಂತ ಬಿಟ್ಟವರು ಇದ್ದಾರೆ. ದುಡ್ಡಿಲ್ಲದೆ ಬಿಟ್ಟವರೂ ಇದ್ದಾರೆ. ಮಲಗಿದ್ದ ನಾಯಿ ಎದ್ದು ಬಿಡುತ್ತದೆ. ಬಂದ ಕಿಡ್ನಿ ಹೋಗುತ್ತದೆ. ಅದಕ್ಕೇ ಆಪರೇಷನ್ನಿಗೆ ಎಷ್ಟು ಖರ್ಚು ಅಂತ ಕೇಳಿದರೆ ಸಾಲದು. ತಿಂಗಳಿಗೆ ಮಾತ್ರೆಗೆ ಎಷ್ಟು, ಅದನ್ನು ಯಾರು ಕೊಡ್ತಾರೆ ಅಂತ ಮೊದಲೇ ಕೇಳಿ ತಿಳಿಯಬೇಕು.

ಇನ್ನೊಂದು ತೊಡಕು ಇದೆ. ಕಾವಲು ನಾಯಿ ಮಲಗಿದ ಮನೆಗೆ ಕಳ್ಳ ಸುಲಭವಾಗಿ ನುಗ್ಗುತ್ತಾನೆ. ಕಸಿ ಆದವರಿಗೆ ಜ್ವರ, ಕೆಮ್ಮು, ಮೂತ್ರದ ಉರಿ ಬೇಗ ಹಿಡಿಯುತ್ತವೆ. ಮೊದಲ ಕೆಲವು ತಿಂಗಳು ಜಾತ್ರೆ, ಸಂತೆ, ಮದುವೆಯ ಗುಂಪಿಗೆ ಹೋಗಬಾರದು. ಕಾಯಿಸಿ ಆರಿಸಿದ ನೀರನ್ನೇ ಕುಡಿಯಬೇಕು. ಜ್ವರ ಬಂದರೆ ಕಷಾಯ ಕುಡಿದು ಕಾಯಬಾರದು. ಆ ದಿನವೇ ಡಾಕ್ಟರ ಹತ್ತಿರ ಹೋಗಬೇಕು.

ಕಸಿ ಆದ ಹೆಂಗಸಿಗೆ ಮಕ್ಕಳಾಗುತ್ತವೆಯೇ? ಆಗುತ್ತವೆ. ಕಡಿಮೆ ಎಂದರೂ ಒಂದು ವರ್ಷ ಕಾಯಬೇಕು. ಕೆಲವು ಮಾತ್ರೆಗಳು ಹೊಟ್ಟೆಯ ಮಗುವಿಗೆ ಕೆಡಕು. ಹಾಗಾಗಿ ಬಸಿರಾಗುವ ಮೊದಲೇ ಡಾಕ್ಟರಿಗೆ ಹೇಳಬೇಕು. ಅವರು ಮಾತ್ರೆ ಬದಲಿಸಿ ಕೊಡುತ್ತಾರೆ.

ಕೊಟ್ಟವರಿಗೆ ಏನಾಗುತ್ತದೆ?

ಒಂದು ಕಿಡ್ನಿ ಇದ್ದರೆ ಬದುಕಬಹುದು. ಉಳಿದ ಕಿಡ್ನಿ ಸ್ವಲ್ಪ ದೊಡ್ಡದಾಗಿ, ಹೋದದ್ದರ ಕೆಲಸವನ್ನೂ ಬಹುಪಾಲು ತಾನೇ ಹೊತ್ತುಕೊಳ್ಳುತ್ತದೆ. ಆದರೆ "ಏನೂ ಆಗೋಲ್ಲ ಬಿಡಮ್ಮ" ಅಂತ ಯಾರಾದರೂ ಹೇಳಿದರೆ ಅದು ಪೂರ್ತಿ ನಿಜವಲ್ಲ. ಅದು ದೊಡ್ಡ ಆಪರೇಷನ್. ಕಿಡ್ನಿ ಕೊಟ್ಟ ಹತ್ತು ಸಾವಿರ ಮಂದಿಯಲ್ಲಿ ಸುಮಾರು ಮೂವರು ಆ ಆಪರೇಷನ್ನಿನಿಂದಲೇ ಸಾಯುತ್ತಾರೆ. ತುಂಬ ಕಡಿಮೆ, ನಿಜ. ಆದರೂ ಇದೆ.

ಆಮೇಲೆ ಒಂದು ತಿಂಗಳು, ಒಂದೂವರೆ ತಿಂಗಳು ನೀರಿನ ಕೊಡ, ಸೌದೆ ಹೊರೆ, ಗೊಬ್ಬರದ ಮಂಕರಿ ಎತ್ತುವ ಹಾಗಿಲ್ಲ. ಮನೆಯಲ್ಲಿ ಆ ಕೆಲಸ ಯಾರು ಮಾಡ್ತಾರೆ? ಇದನ್ನು ಮೊದಲೇ ತೀರ್ಮಾನ ಮಾಡಿಕೊಳ್ಳಬೇಕು. ಎಷ್ಟೋ ಮನೆಗಳಲ್ಲಿ ಕಿಡ್ನಿ ಪಡೆದ ಗಂಡ ಮಂಚದ ಮೇಲೆ, ಕೊಟ್ಟ ಹೆಂಡತಿ ಒಲೆ ಮುಂದೆ. ಇಬ್ಬರ ಹೊಟ್ಟೆಯ ಮೇಲೂ ಹೊಲಿಗೆ ಇದೆ ಅನ್ನುವುದು ಮರೆತೇ ಹೋಗಿರುತ್ತದೆ.

ಮುಂದೆ ಮಕ್ಕಳು ಬೇಕು ಅನ್ನುವ ಹೆಂಗಸು ಅದನ್ನು ಡಾಕ್ಟರಿಗೆ ಮೊದಲೇ ಹೇಳಬೇಕು. ಕಿಡ್ನಿ ಕೊಟ್ಟವರಿಗೆ ಬಸಿರಿನಲ್ಲಿ ಬಿ.ಪಿ. ಏರುವ ಸಂಭವ ಸ್ವಲ್ಪ ಹೆಚ್ಚು. ಮತ್ತೆ, ಕೊಟ್ಟವರು ಬದುಕಿರುವವರೆಗೂ ವರ್ಷಕ್ಕೊಮ್ಮೆ ಬಿ.ಪಿ., ರಕ್ತ, ಮೂತ್ರ ಪರೀಕ್ಷೆ ಮಾಡಿಸಬೇಕು. ಪಡೆದವರನ್ನು ಎಲ್ಲರೂ ತಿಂಗಳು ತಿಂಗಳು ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಾರೆ. ಕೊಟ್ಟವರನ್ನು ಕರೆದುಕೊಂಡು ಹೋಗುವವರು ಕಡಿಮೆ.

ಯಾರು ಕೊಡ್ತಾರೆ, ಯಾರು ಪಡೀತಾರೆ?

ಈಗ ಒಂದು ಲೆಕ್ಕ ನೋಡಿ. ಇದು ಕೇಂದ್ರ ಸರ್ಕಾರದ ಸಂಸ್ಥೆ ಕೊಟ್ಟ ಲೆಕ್ಕ. 1995ರಿಂದ 2021ರವರೆಗೆ ನಮ್ಮ ದೇಶದಲ್ಲಿ 36,640 ಅಂಗಾಂಗ ಕಸಿ ಲೆಕ್ಕಕ್ಕೆ ಸಿಕ್ಕಿವೆ. ಅದರಲ್ಲಿ ಹೆಚ್ಚಿನವು ಕಿಡ್ನಿ. ಇದರಲ್ಲಿ ಹೆಂಗಸರಿಗೆ ಆದದ್ದು ಎಷ್ಟು? 6,945 ಮಾತ್ರ. ಅಂದರೆ ಐದು ಕಸಿಯಲ್ಲಿ ನಾಲ್ಕು ಗಂಡಸರಿಗೆ, ಒಂದು ಹೆಂಗಸಿಗೆ.

ಕೊಡುವವರ ಲೆಕ್ಕ ತಿರುಗುಮುರುಗು. ಬದುಕಿದ್ದಾಗ ಅಂಗ ಕೊಡುವ ಹತ್ತು ಮಂದಿಯಲ್ಲಿ ಆರಕ್ಕೂ ಹೆಚ್ಚು ಮಂದಿ ಹೆಂಗಸರು. ತಾಯಿ, ಹೆಂಡತಿ, ಅಕ್ಕ, ತಂಗಿ.

ಯಾಕೆ ಹೀಗೆ? ಗಂಡನಿಗೆ ಕಾಯಿಲೆ ಆದರೆ, "ಅವರು ದುಡಿಯೋರು, ಉಳೀಬೇಕು. ನಾನೇ ಕೊಡ್ತೀನಿ" ಅನ್ನುತ್ತಾಳೆ ಹೆಂಡತಿ. ಕೊಡಬೇಡಿ ಅಂತ ನಾವು ಹೇಳುವುದಿಲ್ಲ. ಪ್ರೀತಿಯಿಂದ ಕೊಟ್ಟದ್ದು ದೊಡ್ಡದು. ಆದರೆ ಅದೇ ಕಾಯಿಲೆ ಹೆಂಡತಿಗೆ ಬಂದರೆ? "ಡಯಾಲಿಸಿಸ್ ಮಾಡಿಸೋಣ, ನೋಡೋಣ" ಅನ್ನುವ ಮನೆಗಳೇ ಹೆಚ್ಚು. ಗದ್ದೆಯಲ್ಲಿ ಕಳೆ ಕಿತ್ತವಳು, ಹಸು ಕರೆದವಳು, ಬೀಡಿ ಕಟ್ಟಿದವಳು ದುಡಿದವಳಲ್ಲವೇ? ಈ ಪ್ರಶ್ನೆಯನ್ನು ನಿಮ್ಮ ಕಲಿಕಾ ಕೇಂದ್ರದಲ್ಲಿ ಕೂತು ಮಾತಾಡಿ.

ಸಾಲಕ್ಕೆ ಕಿಡ್ನಿ

ಇದಕ್ಕಿಂತ ಕೆಟ್ಟದ್ದು ಒಂದಿದೆ. ದಲ್ಲಾಳಿಗಳು ಬರುತ್ತಾರೆ. "ಎರಡು ಇದೆಯಲ್ಲಮ್ಮ, ಒಂದು ಕೊಡು. ಸಾಲ ತೀರುತ್ತೆ" ಅನ್ನುತ್ತಾರೆ. 1990ರ ದಶಕದಲ್ಲಿ ಬೆಂಗಳೂರಿನಲ್ಲೂ ಇಂಥ ಜಾಲ ಬಯಲಾಗಿತ್ತು.

ಸಾಲ ತೀರಿತಾ? ಚೆನ್ನೈಯಲ್ಲಿ ಕಿಡ್ನಿ ಮಾರಿಕೊಂಡ 305 ಮಂದಿಯನ್ನು ಕಂಡು ಮಾತಾಡಿಸಿದರು. ಆ ವರದಿ 2002ರಲ್ಲಿ ಅಚ್ಚಾಯಿತು. ಹತ್ತರಲ್ಲಿ ಏಳು ಮಂದಿ ಹೆಂಗಸರು. ನೂರಕ್ಕೆ 96 ಮಂದಿ ಮಾರಿದ್ದು ಸಾಲ ತೀರಿಸಲು. ಒಪ್ಪಿಕೊಂಡಷ್ಟು ಹಣವೂ ಬಹಳ ಮಂದಿಯ ಕೈಗೆ ಬಂದಿರಲಿಲ್ಲ. ಮಾರಿ ವರ್ಷಗಳೇ ಕಳೆದಿದ್ದವು. ಆದರೂ ಸಾಲಕ್ಕಾಗಿ ಮಾರಿದವರಲ್ಲಿ ನಾಲ್ಕರಲ್ಲಿ ಮೂವರಿಗೆ ಸಾಲ ಹಾಗೆಯೇ ಇತ್ತು! ಮನೆಯ ವರಮಾನ ಮೂರನೇ ಒಂದು ಭಾಗದಷ್ಟು ಇಳಿದಿತ್ತು. ಹೆಚ್ಚಿನವರು ತಮ್ಮ ಆರೋಗ್ಯ ಕೆಟ್ಟಿದೆ ಎಂದರು. ಬೇರೆಯವರು ಮಾರಬಹುದೇ ಅಂತ ಕೇಳಿದರೆ, ಬೇಡ ಅಂದವರೇ ಹೆಚ್ಚು.

ಕಿಡ್ನಿ ಮಾರುವುದು, ಕೊಳ್ಳುವುದು, ದಲ್ಲಾಳಿ ಕೆಲಸ ಮಾಡುವುದು, ಮೂರೂ ಅಪರಾಧ. ಇದಕ್ಕೆ 1994ರಲ್ಲಿ ಕಾಯಿದೆ ಬಂತು. 2011ರಲ್ಲಿ ಅದನ್ನು ಬಿಗಿ ಮಾಡಿದರು. ಈಗ ಐದರಿಂದ ಹತ್ತು ವರ್ಷ ಜೈಲು. ದಂಡ 20 ಲಕ್ಷದಿಂದ ಒಂದು ಕೋಟಿ ರೂಪಾಯಿವರೆಗೆ.

ಸಹಿ ಹಾಕುವ ಮೊದಲು

ಕಾಯಿದೆ ಪ್ರಕಾರ ಯಾರು ಕೊಡಬಹುದು? ತಂದೆ ತಾಯಿ, ಮಕ್ಕಳು, ಒಡಹುಟ್ಟಿದವರು, ಗಂಡ ಹೆಂಡತಿ, ಅಜ್ಜ ಅಜ್ಜಿ, ಮೊಮ್ಮಕ್ಕಳು. ಕೊಡುವವರಿಗೆ 18 ವರ್ಷ ತುಂಬಿರಬೇಕು. ಬೇರೆಯವರು ಕೊಡುವುದಾದರೆ ಒಂದು ಸಮಿತಿ ಕರೆಸಿ ವಿಚಾರಣೆ ಮಾಡುತ್ತದೆ. ಗಂಡನ ರಕ್ತದ ಗುಂಪಿಗೆ ಹೆಂಡತಿಯ ಕಿಡ್ನಿ ಹೊಂದದಿದ್ದರೆ, ಅಂಥದೇ ಇನ್ನೊಂದು ಕುಟುಂಬದ ಜೊತೆ ಅದಲು ಬದಲು ಮಾಡಿಕೊಳ್ಳಲೂ ಈಗ ಅವಕಾಶ ಇದೆ.

2014ರ ನಿಯಮದಲ್ಲಿ ಹೆಂಗಸರಿಗೆಂದೇ ಒಂದು ಮಾತು ಸೇರಿಸಿದ್ದಾರೆ. ಕೊಡುವವರು ಹೆಂಗಸಾಗಿದ್ದರೆ ಹೆಚ್ಚು ಎಚ್ಚರ ವಹಿಸಬೇಕು. ಆಕೆ ಯಾರು, ತಾನಾಗಿಯೇ ಒಪ್ಪಿದ್ದಾಳೆಯೇ ಎಂಬುದನ್ನು ಖಚಿತ ಮಾಡಬೇಕು. ಅದನ್ನು ಹೇಳುವವರು ಕಿಡ್ನಿ ಪಡೆಯುವವರಾಗಿರಬಾರದು, ಬೇರೆಯವರಾಗಿರಬೇಕು. ಅಂದರೆ "ನನ್ನ ಹೆಂಡತಿ ಒಪ್ಪಿದ್ದಾಳೆ" ಅಂತ ಗಂಡ ಹೇಳಿದರೆ ನಡೆಯುವುದಿಲ್ಲ.

ಹಾಗಾಗಿ ಡಾಕ್ಟರ ಹತ್ತಿರ, "ನಾನು ಒಬ್ಬಳೇ ಮಾತಾಡಬೇಕು" ಅಂತ ನೀವು ಕೇಳಬಹುದು. ಫಾರಂ ಇಂಗ್ಲಿಷಿನಲ್ಲಿದ್ದರೆ ಕನ್ನಡದಲ್ಲಿ ಓದಿ ಹೇಳಿ ಅನ್ನಿ. ನಿಧಾನವಾಗಿ ನೀವೇ ಓದಿ. ತಿಳಿಯದ ಮಾತಿನ ಮೇಲೆ ಬೆರಳಿಟ್ಟು ಕೇಳಿ. ಹೆಬ್ಬೆಟ್ಟು ಒತ್ತುವ ಅವಸರ ಈಗ ನಿಮಗಿಲ್ಲ. ಸಹಿ ಹಾಕಿದ ಮೇಲೂ, ಆಪರೇಷನ್ನಿನ ದಿನ ಬೆಳಿಗ್ಗೆ ಬೇಡ ಅನ್ನಿಸಿದರೂ, ಬೇಡ ಅನ್ನುವ ಹಕ್ಕು ನಿಮಗೆ ಇದೆ.

ಕಾಯಿಲೆ ನಿಮಗೇ ಬಂದಿದ್ದರೆ

ಮನೆಯಲ್ಲಿ ಕೊಡುವವರು ಯಾರೂ ಇಲ್ಲ ಅಂದುಕೊಳ್ಳಿ. ಆಗಲೂ ದಾರಿ ಇದೆ. ಅಪಘಾತದಲ್ಲಿ ತಲೆಗೆ ಪೆಟ್ಟು ಬಿದ್ದು ಕೆಲವರ ಮಿದುಳು ಸಾಯುತ್ತದೆ. ಯಂತ್ರದ ಬಲದಿಂದ ಉಸಿರು ಮಾತ್ರ ಆಡುತ್ತಿರುತ್ತದೆ. ನಾಲ್ವರು ಡಾಕ್ಟರುಗಳು, ಆರು ಗಂಟೆ ಅಂತರದಲ್ಲಿ ಎರಡು ಸಲ ಪರೀಕ್ಷೆ ಮಾಡಿ ಅದನ್ನು ಖಚಿತ ಮಾಡುತ್ತಾರೆ. ಮನೆಯವರು ಒಪ್ಪಿದರೆ ಎರಡು ಕಿಡ್ನಿ ಇಬ್ಬರು ರೋಗಿಗಳಿಗೆ ಸಿಗುತ್ತವೆ.

ಇದಕ್ಕೆ ಪಾಳಿ ಪಟ್ಟಿ ಇದೆ. ನಮ್ಮ ರಾಜ್ಯದಲ್ಲಿ ಆ ಪಟ್ಟಿಯನ್ನು ನೋಡಿಕೊಳ್ಳುವುದು 'ಜೀವಸಾರ್ಥಕತೆ' ಎಂಬ ಸರ್ಕಾರದ ಸಂಸ್ಥೆ. ಕಸಿ ಮಾಡುವ ಆಸ್ಪತ್ರೆಯ ಮೂಲಕ ಹೆಸರು ಬರೆಸಬೇಕು. ದುಡ್ಡು ಕೊಟ್ಟು ಪಾಳಿ ಮುಂದೆ ಮಾಡಿಸಲು ಆಗುವುದಿಲ್ಲ. ಹೆಂಗಸರಿಗೆ ಕಸಿ ಕಡಿಮೆ ಆಗುತ್ತಿರುವುದನ್ನು ನೋಡಿ, ಪಾಳಿಯಲ್ಲಿರುವ ಹೆಂಗಸರಿಗೆ ಹೆಚ್ಚು ಆದ್ಯತೆ ಕೊಡಿ ಅಂತ ಕೇಂದ್ರ ಸಂಸ್ಥೆ 2025ರಲ್ಲಿ ರಾಜ್ಯಗಳಿಗೆ ಸಲಹೆ ಕಳಿಸಿದೆ. ಆದರೆ ಪಟ್ಟಿಯಲ್ಲಿ ಹೆಸರೇ ಇಲ್ಲದಿದ್ದರೆ ಆದ್ಯತೆ ಯಾರಿಗೆ ಕೊಡುತ್ತಾರೆ? ಡಯಾಲಿಸಿಸ್ ಮಾಡುವ ಡಾಕ್ಟರನ್ನು ನೀವೇ ಕೇಳಿ: "ನನ್ನ ಹೆಸರು ಬರೆಸಿದ್ದೀರಾ ಸಾರ್?"

ಬರೆಸಿದ ಮೇಲೆ ನಂಬರನ್ನು ನಿಮ್ಮ ಕೈಯಾರೆ ಬರೆದಿಟ್ಟುಕೊಳ್ಳಿ. ಕಿಡ್ನಿ ಸಿಕ್ಕಿದರೆ ಸುಮಾರು ಒಂದು ದಿನದೊಳಗೆ ಕಸಿ ಮಾಡಬೇಕು. ಕರೆ ನಡುರಾತ್ರಿಯಲ್ಲೂ ಬರಬಹುದು. ಅಲ್ಲಿ ಕೊಡುವ ಫೋನ್ ನಂಬರು ಗಂಡನದೋ ಮಗನದೋ ಮಾತ್ರ ಆಗದಿರಲಿ. ಅವರು ಕೆಲಸದ ಮೇಲೆ ದೂರದ ಊರಿನಲ್ಲಿರಬಹುದು. ನಿಮ್ಮ ನಂಬರನ್ನೂ ಬರೆಸಿ.